ಒಳ್ಳೆಯ ಅಧ್ಯಕ್ಷರೂ ಏಕೆ ಇಳಿಯಬೇಕು?



ಊರಿನ ಬೀಜದ ಹೋರಿಯನ್ನು ಮೂರು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಹೋರಿಯಲ್ಲಿ ದೋಷವಿದೆ ಎಂದಲ್ಲ. ಅಷ್ಟು ಹೊತ್ತಿಗೆ ಅದಕ್ಕೆ ಹುಟ್ಟಿದ ಹೆಣ್ಣುಕರುಗಳೇ ಬೆದೆಗೆ ಬರುತ್ತವೆ; ಸುತ್ತಲೂ ಒಂದೇ ರಕ್ತವಾಗುತ್ತದೆ. ಅಧಿಕಾರದ ಕುರ್ಚಿಗೂ ಈ ಮಾತು ಸಲ್ಲುತ್ತದೆ. ಅಮೆರಿಕದವರು ಇದನ್ನು ಕಂಡುಕೊಂಡ ಬಗೆಯನ್ನು ನೋಡಿ.

1787ರಲ್ಲಿ ಬರೆದ ಅವರ ಸಂವಿಧಾನವು ಅಧ್ಯಕ್ಷರ ಅವಧಿ ನಾಲ್ಕು ವರ್ಷ ಎಂದಿತೇ ಹೊರತು ಎಷ್ಟು ಅವಧಿ ಎಂದು ಹೇಳಲಿಲ್ಲ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎರಡು ಅವಧಿ ಮುಗಿಸಿ, 1797ರಲ್ಲಿ ತಾವಾಗಿಯೇ ಇಳಿದು ತಮ್ಮ ಜಮೀನಿಗೆ ಮರಳಿದರು. (ಇವರು ನಮ್ಮ ಕಸುಬಿಗೂ ಹತ್ತಿರದವರು. ಸ್ಪೇನ್ ದೊರೆ ಕಳಿಸಿದ ಗಂಡು ಕತ್ತೆಯಿಂದ ಹೇಸರಗತ್ತೆಗಳನ್ನು ಹುಟ್ಟಿಸಿ ಬೆಳೆಸಿದವರು.) ಮುಂದೆ ಜೆಫರ್ಸನ್ ಅವರೂ ಮೂರನೆಯ ಅವಧಿ ಒಲ್ಲೆ ಎಂದು 1807ರಲ್ಲಿ ಬರೆದು ತಿಳಿಸಿದರು. ಮಿತಿ ಇಲ್ಲದಿದ್ದರೆ ನಾಲ್ಕು ವರ್ಷದ ಹುದ್ದೆ ಜೀವಾವಧಿಯದಾಗಿ, ಆಮೇಲೆ ವಂಶಪಾರಂಪರ್ಯಕ್ಕೆ ತಿರುಗೀತು ಎಂಬುದು ಅವರ ಭಯ.

ಎಲ್ಲಿಯೂ ಬರೆಯದ ಈ ಪದ್ಧತಿ ನೂರನಲವತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಮೀರಲು ಯತ್ನಿಸಿದ ಒಬ್ಬಿಬ್ಬರು ಸೋತರು.

ಕೊನೆಗೆ ಅದನ್ನು ಮುರಿದವರು ಕೆಟ್ಟ ಅಧ್ಯಕ್ಷರಲ್ಲ ಎಂಬುದನ್ನು ಗಮನಿಸಿ. ಬ್ಯಾಂಕುಗಳು ಮುಚ್ಚಿ, ಜನ ಕೆಲಸವಿಲ್ಲದೆ ಕಂಗಾಲಾಗಿದ್ದ 1932ರಲ್ಲಿ ಆಯ್ಕೆಯಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ದೇಶಕ್ಕೆ ಧೈರ್ಯ ತುಂಬಿದರು. 1940ರಲ್ಲಿ ಯೂರೋಪಿನಲ್ಲಿ ಯುದ್ಧ ನಡೆದಿತ್ತು. ಇಂಥ ಹೊತ್ತಿನಲ್ಲಿ ಅನುಭವಸ್ಥರೇ ಇರಲಿ ಎಂದು ಜನ ಮೂರನೆಯ ಬಾರಿ ಗೆಲ್ಲಿಸಿದರು. 1944ರಲ್ಲಿ ನಾಲ್ಕನೆಯ ಬಾರಿ. ಆಗ ಅವರ ಆರೋಗ್ಯ ತೀರ ಹದಗೆಟ್ಟಿತ್ತು. ಜನರಿಗೆ ಅದರ ಪೂರ್ಣ ಅರಿವಿರಲಿಲ್ಲ. 1945ರ ಏಪ್ರಿಲ್ 12ರಂದು ತೀರಿಕೊಂಡರು. ಅಷ್ಟರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಸ್ಥಾನಗಳ ಪೈಕಿ ಎಂಟರಲ್ಲಿ ಅವರೇ ನೇಮಿಸಿದವರಿದ್ದರು. ಇತ್ತ, ಅವರ ಸ್ಥಾನಕ್ಕೆ ಬರಬೇಕಾದ ಉಪಾಧ್ಯಕ್ಷ ಟ್ರೂಮನ್ ಅವರಿಗೆ ಅಣುಬಾಂಬಿನ ಯೋಜನೆಯ ವಿವರವನ್ನು ಕೂಡ ಅದುವರೆಗೆ ಯಾರೂ ತಿಳಿಸಿರಲಿಲ್ಲ! ಒಬ್ಬರೇ ಬಹುಕಾಲ ಇದ್ದಾಗ ಮುಂದಿನವರು ತಯಾರಾಗುವುದಿಲ್ಲ.

ಜನರಿಗೆ ಬೇಕಾದವರನ್ನು ಕಾನೂನು ತಡೆಯಬಹುದೇ ಎಂದು ಆಗಲೂ ಕೇಳಿದವರುಂಟು. ಹಗುರವಾದ ಪ್ರಶ್ನೆಯಲ್ಲ. ಆದರೆ ಒಳ್ಳೆಯವರಿಗಾಗಿ ಸಡಿಲಿಸಿದ ಹಗ್ಗ, ನಂತರ ಬರುವ ಎಂಥವರಿಗೂ ಸಡಿಲವಾಗಿಯೇ ಇರುತ್ತದಲ್ಲವೇ? 1947ರಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ 22ನೆಯ ತಿದ್ದುಪಡಿ, ರಾಜ್ಯಗಳ ಒಪ್ಪಿಗೆ ಪಡೆದು 1951ರಲ್ಲಿ ಜಾರಿಗೆ ಬಂದಿತು. ಅದರಂತೆ ಯಾರೂ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ.

ಈ ತಿದ್ದುಪಡಿ ತಂದ ಸಂಸತ್ ಸದಸ್ಯರು ಮಾತ್ರ ತಮಗೆ ಅಂಥ ಮಿತಿ ಹಾಕಿಕೊಳ್ಳಲಿಲ್ಲ. ಅಲ್ಲಿನ ಸದಸ್ಯರು ಇಂದಿಗೂ ಎಷ್ಟು ಬಾರಿಯಾದರೂ ಚುನಾವಣೆಗೆ ನಿಲ್ಲಬಹುದು.