ಮೊದಲ ಬಯೋಡಾಟಾ: ಅದೂ ಒಂದು ಸಾಕ್ಷ್ಯ

ಪದವಿಯ ಕೊನೆಯ ಪರೀಕ್ಷೆ ಮುಗಿದಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ - ಈ ನಾಲ್ಕು ಪಟ್ಟಣಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ವಿದ್ಯಾರ್ಥಿಗಳಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದಾರೆ. ಅವರಲ್ಲಿ ಹಲವರು ತಮ್ಮ ಕುಟುಂಬದಲ್ಲೇ ಪದವಿಯ ಮೆಟ್ಟಿಲು ಹತ್ತಿದ ಮೊದಲಿಗರು. ಮೈಸೂರಿನ ಯಾವುದೋ ಸಂಸ್ಥೆಯಲ್ಲಿ ಕೆಲಸ ಖಾಲಿಯಿದೆಯೆಂದು ಪರಿಚಿತರೊಬ್ಬರು ತಿಳಿಸುತ್ತಾರೆ. "ಬಯೋಡಾಟಾ ಕಳಿಸು" ಎನ್ನುತ್ತಾರೆ. ಹುಡುಗ ಬಿಳಿಹಾಳೆ ಮುಂದಿಟ್ಟುಕೊಂಡು ಕೂರುತ್ತಾನೆ. ಹೆಸರು, ವಿಳಾಸ, ಅಂಕಗಳು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. 'ಅನುಭವ' ಎಂಬ ಪದದ ಎದುರು ಲೇಖನಿ ನಿಂತುಬಿಡುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಹೆತ್ತವರೇ, ಆ ನಿಂತ ಲೇಖನಿಯ ಬಗ್ಗೆಯೇ ಇಂದು ಸ್ವಲ್ಪ ಚಿಂತಿಸೋಣ. ಮೇಲ್ನೋಟಕ್ಕೆ ಇದು ಬರಿಯ ಉದ್ಯೋಗದ ವಿಷಯ. ಆದರೆ ಅದರೊಳಗೆ ಸತ್ಯ, ವಿಶ್ವಸ್ತತೆ ಮತ್ತು ವಿನಯದ ಪ್ರಶ್ನೆಗಳು ಅಡಗಿವೆ.

ಎರಡು ತಪ್ಪು ದಾರಿಗಳು

ಲೇಖನಿ ನಿಂತಾಗ ನಮ್ಮ ಮಕ್ಕಳು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಮೊದಲನೆಯದು, 'ಅನುಭವ: ಇಲ್ಲ' ಎಂದು ಬರೆದು ಮುಗಿಸುವುದು. ಎರಡನೆಯದು, ಬಸ್ ನಿಲ್ದಾಣದ ಪಕ್ಕದ ಡಿಟಿಪಿ ಅಂಗಡಿಗೆ ಹೋಗಿ, ಅಲ್ಲಿ ಗಣಕಯಂತ್ರದಲ್ಲಿ ಮೊದಲೇ ಇರುವ ಬೇರೊಬ್ಬನ ಬಯೋಡಾಟಾದಲ್ಲಿ ಹೆಸರನ್ನಷ್ಟೇ ಬದಲಿಸಿ ತರುವುದು. ಅವನ ಗುರಿ ಇವನ ಗುರಿಯಾಗುತ್ತದೆ. ಅವನ ಹವ್ಯಾಸ, ಅವನು ಕಲಿತ ಕಂಪ್ಯೂಟರ್ ಕೋರ್ಸು, ಕೆಲವೊಮ್ಮೆ ಅವನು ಬಲ್ಲ ಭಾಷೆ ಕೂಡ ಇವನದಾಗುತ್ತದೆ. ಸಂದರ್ಶನದಲ್ಲಿ "ಈ ಕೋರ್ಸಿನಲ್ಲಿ ಏನು ಕಲಿತಿರಿ?" ಎಂದು ಕೇಳಿದಾಗ ತಲೆ ತಗ್ಗುತ್ತದೆ.

ಮೊದಲನೆಯವನು ಇದ್ದುದನ್ನು ಇಲ್ಲವೆಂದ. ಎರಡನೆಯವನು ಇಲ್ಲದ್ದನ್ನು ಇದೆಯೆಂದ. ಇಬ್ಬರೂ ತಮ್ಮ ಬಗ್ಗೆ ಸರಿಯಾದ ಮಾಹಿತಿ ನೀಡಲಿಲ್ಲ. ತನಗೆ ದೊರೆಯದುದನ್ನು ದೊರೆತಿದೆಯೆಂದು ತೋರಿಸಿಕೊಳ್ಳುವವನನ್ನು ಪ್ರವಾದಿ ಮುಹಮ್ಮದ್(ಸ)ರು ಸುಳ್ಳಿನ ಜೋಡಿ ಉಡುಪು ಧರಿಸಿದವನಿಗೆ ಹೋಲಿಸಿದ್ದಾರೆ. ಎರವಲು ಬಯೋಡಾಟಾಕ್ಕೆ ಇದಕ್ಕಿಂತ ಹೊಂದುವ ಹೋಲಿಕೆ ಇದೆಯೇ?

ತನ್ನ ಬಗ್ಗೆ ಹೇಳುವುದು ಅಹಂಕಾರವೇ?

ಮೊದಲ ದಾರಿ ಹಿಡಿದವನ ಮನಸ್ಸಿನಲ್ಲಿ ಒಂದು ಅಳುಕಿರುತ್ತದೆ. 'ನನ್ನನ್ನು ನಾನೇ ಹೊಗಳಿಕೊಳ್ಳುವುದೇ? ಅದು ಅಹಂಕಾರವಲ್ಲವೇ?' ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಲ್ಲಿ ಈ ಸಂಕೋಚ ಹೆಚ್ಚು. ಆತ್ಮಪ್ರಶಂಸೆಯನ್ನು ಧರ್ಮ ಮೆಚ್ಚುವುದಿಲ್ಲವೆಂಬುದು ನಿಜ. ಆದರೆ ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ನೆನೆಯಿರಿ. ಈಜಿಪ್ಟಿನ ಮೇಲೆ ಬರಗಾಲ ಎರಗಲಿದ್ದಾಗ ಅವರು ಉಗ್ರಾಣಗಳ ಹೊಣೆಯನ್ನು ತಮಗೊಪ್ಪಿಸಬೇಕೆಂದು ಅರಸನಲ್ಲಿ ಕೇಳಿದರು. ಆಗ ತಮ್ಮ ಬಗ್ಗೆ ಎರಡೇ ಮಾತು ಹೇಳಿದರು: ಕಾಪಾಡಬಲ್ಲೆ, ಬಲ್ಲವನಾಗಿದ್ದೇನೆ. ಯೂಸುಫ್ ಅಧ್ಯಾಯದ 55ನೇ ಸೂಕ್ತದಲ್ಲಿ ಇದರ ಉಲ್ಲೇಖವಿದೆ.

ಅವರು ಏನನ್ನು ಹೇಳಲಿಲ್ಲ ಎಂಬುದನ್ನೂ ಗಮನಿಸಿ. ತಾನು ಪ್ರವಾದಿಯ ಪುತ್ರನೆಂದು ಕುಲದ ಮಾತೆತ್ತಲಿಲ್ಲ. ಜನ ಬೆರಗಾಗುತ್ತಿದ್ದ ತಮ್ಮ ರೂಪದ ಮಾತೆತ್ತಲಿಲ್ಲ. ಉಗ್ರಾಣ ನೋಡಿಕೊಳ್ಳುವವನಿಗೆ ಬೇಕಾದ ಎರಡು ಗುಣಗಳನ್ನಷ್ಟೇ ಹೇಳಿದರು. ಕೇಳುವವನಿಗೆ ತೀರ್ಮಾನ ಕೈಗೊಳ್ಳಲು ಅಗತ್ಯವಾದ ಸತ್ಯವನ್ನು ಅಗತ್ಯವಿದ್ದಷ್ಟೇ ಹೇಳುವುದು ಅಹಂಕಾರವಲ್ಲ. ತಾನು ಇತರರಿಗಿಂತ ಮೇಲು ಎಂದು ಸಾರುವುದು ಅಹಂಕಾರ. ಬಯೋಡಾಟಾದ ಇಡೀ ವಿದ್ಯೆ ಈ ವ್ಯತ್ಯಾಸದಲ್ಲಿದೆ.

ಅನುಭವವೆಂದರೆ ಏನು?

ಈಗ 'ಅನುಭವ ಇಲ್ಲ' ಎಂಬ ಮಾತಿಗೆ ಬರೋಣ. ಪ್ರವಾದಿ ಮೂಸಾ(ಅ)ರು ಮದ್‌ಯನ್‌ಗೆ ಬಂದಾಗ ಅವರ ಕೈಯಲ್ಲಿ ಏನಿತ್ತು? ಊರಿನಲ್ಲಿ ಪರಿಚಿತರಿಲ್ಲ, ಹಣವಿಲ್ಲ, ಕುರಿ ಕಾಯ್ದ ದಾಖಲೆಯಿಲ್ಲ. ಬಾವಿಯ ಬಳಿ ಸರದಿಗಾಗಿ ಹಿಂದೆ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ಅವರು ನೀರು ಕುಡಿಸಿಕೊಟ್ಟರು. ಪ್ರತಿಫಲ ಕೇಳದೆ ನೆರಳಿಗೆ ಸರಿದರು. ಅಷ್ಟನ್ನು ನೋಡಿದ ಒಬ್ಬಾಕೆ ತಂದೆಯೊಡನೆ, ಇವರನ್ನು ಕೆಲಸಕ್ಕಿಟ್ಟುಕೊಳ್ಳಿ, ಇವರು ಶಕ್ತರು ಮತ್ತು ವಿಶ್ವಸ್ತರು ಎಂಬರ್ಥದಲ್ಲಿ ಸಲಹೆ ನೀಡಿದಳು. ಸಂಬಳವಿಲ್ಲದೆ ಮಾಡಿದ ಆ ಒಂದು ಕೆಲಸವೇ ಅವರ ಯೋಗ್ಯತಾಪತ್ರವಾಯಿತು. ಕೆಲಸ ಕೊಡುವವರು ಇಂದಿಗೂ ಹುಡುಕುವುದು ಆ ಎರಡು ಗುಣಗಳನ್ನೇ: ಮಾಡುವ ಸಾಮರ್ಥ್ಯ, ನಂಬಿಕೆಗೆ ಅರ್ಹತೆ.

ಹಾಗಾದರೆ ನಿಮ್ಮ ಬಾವಿಯ ಬಳಿಯ ಕೆಲಸ ಯಾವುದು? ನಮ್ಮ ತಾಲೂಕುಗಳಲ್ಲೇ ನೋಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಅನೇಕ ಮನೆಗಳಲ್ಲಿ ತಂಬಾಕಿನ ಬೇಸಾಯವಿದೆ. ಬ್ಯಾರನ್‌ನಲ್ಲಿ ಎಲೆ ಹದವಾಗುವ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖವನ್ನು ಹಂತಹಂತವಾಗಿ ಏರಿಸಬೇಕು. ಒಂದು ರಾತ್ರಿ ಎಚ್ಚರ ತಪ್ಪಿದರೆ ಇಡೀ ಸರಕಿನ ದರ್ಜೆ ಇಳಿಯುತ್ತದೆ. ಕಾಲೇಜಿನ ರಜೆಯಲ್ಲಿ ತಂದೆಯೊಡನೆ ಸರದಿಯ ಮೇಲೆ ಬ್ಯಾರನ್ ಕಾಯ್ದವನು, ಬೇಲುಗಳ ತೂಕ ಬರೆದಿಟ್ಟುಕೊಂಡು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ ಬಂದ ದರದೊಡನೆ ತಾಳೆ ನೋಡಿದವನು 'ಅನುಭವ ಇಲ್ಲ' ಎನ್ನಬಹುದೇ? ಹೊಣೆಗಾರಿಕೆ, ಸಮಯಪಾಲನೆ, ಲೆಕ್ಕ - ಮೂರೂ ಅದರಲ್ಲಿವೆ.

ಕೆ.ಆರ್. ನಗರದಲ್ಲಿ ಸಂಜೆ ಹೊತ್ತು ತಂದೆಯ ಕಿರಾಣಿ ಅಂಗಡಿಯಲ್ಲಿ ಕುಳಿತು ಉದ್ರಿ ಪುಸ್ತಕ ಬರೆದವನಿಗೆ ಗ್ರಾಹಕರೊಡನೆ ಮಾತನಾಡಲು ಬರುತ್ತದೆ. ಎಚ್.ಡಿ. ಕೋಟೆಯಲ್ಲಿ ನೆರೆಹೊರೆಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿದ ಹುಡುಗಿಗೆ ಕಲಿಸಲು ಬರುತ್ತದೆ. ಮದ್ರಸದಲ್ಲಿ ಕಿರಿಯರಿಗೆ ಅಕ್ಷರ ಕಲಿಸಿದ್ದು, ಮನೆಯಲ್ಲಿ ಹೊಲಿಗೆ ಯಂತ್ರದಿಂದ ಸಂಪಾದಿಸಿದ್ದು, ಓದಲು ಬಾರದ ಹಿರಿಯರಿಗೆ ಪಿಂಚಣಿ ಅರ್ಜಿ ತುಂಬಿಕೊಟ್ಟದ್ದು, ಕಾಯಿಲೆಯ ಅಜ್ಜಿಯನ್ನು ವರ್ಷವಿಡೀ ಆಸ್ಪತ್ರೆಗೆ ಕರೆದೊಯ್ದದ್ದು - ಇವೆಲ್ಲ ಅನುಭವವೇ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯನ್ನೂ ಮರೆಯಬೇಡಿ. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರವಿರುತ್ತದೆ. 240 ಗಂಟೆ ಸಣ್ಣ ಮಾತಲ್ಲ.

ಹೇಗೆ ಬರೆಯಬೇಕು?

ಒಂದು ಹಾಳೆ ಸಾಕು. ಮೊದಲು ಹೆಸರು, ಊರು, ದೂರವಾಣಿ, ಮಿಂಚಂಚೆ. ಹೆಸರನ್ನು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಬರೆಯಿರಿ. ನಮ್ಮ ಮಕ್ಕಳ ಹೆಸರು ಅಂಕಪಟ್ಟಿಯಲ್ಲಿ 'ಮಹಮ್ಮದ್', ಆಧಾರ್‌ನಲ್ಲಿ 'ಮೊಹಮ್ಮದ್', ಕಾಲೇಜಿನಲ್ಲಿ ಬರಿಯ 'ಎಂ.ಡಿ.' ಎಂದಿರುವುದು ಅಪರೂಪವಲ್ಲ. ಕೆಲಸ ಸಿಕ್ಕಿದ ಮೇಲೆ ಇದರಿಂದ ತೊಡಕಾಗುವ ಬದಲು ಈಗಲೇ ಸರಿಪಡಿಸಿಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಮೊಬೈಲ್ ಇದ್ದರೆ, ಇಂತಹ ಕಡೆಯಿಂದ ಕರೆ ಬರಬಹುದೆಂದು ಮನೆಯವರಿಗೆಲ್ಲ ತಿಳಿಸಿಡಿ.

ಬಳಿಕ ವಿದ್ಯಾಭ್ಯಾಸ. ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಕೋರ್ಸು, ಕಾಲೇಜು, ವರ್ಷ, ಅಂಕ ಇಷ್ಟು ಸಾಕು. ನಂತರ ಅನುಭವ ಮತ್ತು ಸೇವೆ. ಇಲ್ಲಿ ಗುಣವಾಚಕಗಳನ್ನು ಬಿಟ್ಟು ಕೆಲಸವನ್ನು ಹೇಳಿ. 'ನಾನು ಪರಿಶ್ರಮಿ, ಪ್ರಾಮಾಣಿಕ' ಎಂದರೆ ಯಾರೂ ನಂಬಬೇಕಾಗಿಲ್ಲ. 'ಎರಡು ವರ್ಷ ಪ್ರತಿದಿನ ಸಂಜೆ ಮೂರು ಗಂಟೆ ಕುಟುಂಬದ ಅಂಗಡಿಯಲ್ಲಿ ಮಾರಾಟ ಮತ್ತು ದಿನದ ಲೆಕ್ಕ ನೋಡಿಕೊಂಡಿದ್ದೇನೆ' ಎಂದರೆ ಪರಿಶ್ರಮವೂ ಪ್ರಾಮಾಣಿಕತೆಯೂ ತಾನಾಗಿ ಕಾಣುತ್ತವೆ. ಏನು ಮಾಡಿದಿರಿ, ಎಷ್ಟು ಕಾಲ, ಯಾರ ಹೊಣೆಯಲ್ಲಿ - ಪ್ರತಿ ಸಾಲೂ ಈ ಮೂರು ಪ್ರಶ್ನೆಗಳಿಗೆ ಉತ್ತರಿಸಲಿ.

ಆಮೇಲೆ ಭಾಷೆಗಳು. ಓದು, ಬರಹ, ಮಾತು ಮೂರನ್ನೂ ಬೇರೆಬೇರೆಯಾಗಿ ಹೇಳಿ. ಮನೆಯಲ್ಲಿ ಉರ್ದು ಆಡುವ ಎಷ್ಟೋ ಮಕ್ಕಳಿಗೆ ಅದರ ಲಿಪಿ ಬಾರದು. ಅಂತಹವರು 'ಉರ್ದು: ಮಾತು' ಎಂದಷ್ಟೇ ಬರೆಯಬೇಕು. ಕುರ್‌ಆನ್ ಓದಲು ಬಲ್ಲವರು, ಆದರೆ ಅರ್ಥ ತಿಳಿಯದವರು 'ಅರಬಿ: ಓದು' ಎನ್ನಬೇಕು. ಎರಡು ಮೂರು ಭಾಷೆ ಬಲ್ಲವನಿಗೆ ಅಂಗಡಿ, ಆಸ್ಪತ್ರೆ, ಬ್ಯಾಂಕು ಎಲ್ಲೆಡೆ ಬೆಲೆಯಿದೆ. ಅದನ್ನು ಮುಚ್ಚಿಡುವುದೂ ಬೇಡ, ಹಿಗ್ಗಿಸುವುದೂ ಬೇಡ. ಕಂಪ್ಯೂಟರಿಗೂ ಇದೇ ನಿಯಮ. ನಿಮ್ಮೆದುರು ಯಂತ್ರವಿಟ್ಟು ಮಾಡಿತೋರಿಸಿ ಎಂದರೆ ಮಾಡಬಲ್ಲಷ್ಟನ್ನೇ ಬರೆಯಿರಿ.

ಒಂದೇ ಪ್ರತಿಯನ್ನು ಎಲ್ಲ ಕಡೆಗೂ ಕಳಿಸಬೇಡಿ. ಲೆಕ್ಕದ ಕೆಲಸಕ್ಕಾದರೆ ಉದ್ರಿ ಪುಸ್ತಕ ಮೊದಲು ಬರಲಿ, ಶಾಲೆಯ ಕೆಲಸಕ್ಕಾದರೆ ಪಾಠ ಹೇಳಿದ್ದು ಮೊದಲು ಬರಲಿ. ಯೂಸುಫ್(ಅ)ರು ಉಗ್ರಾಣಕ್ಕೆ ತಕ್ಕ ಗುಣಗಳನ್ನು ಹೇಳಿದ್ದು ನೆನಪಿರಲಿ. ಇದು ಸತ್ಯವನ್ನು ಬದಲಿಸುವುದಲ್ಲ, ಕೇಳುವವನಿಗೆ ಬೇಕಾದುದನ್ನು ಮುಂದಿಡುವುದು.

ನಡುವೆ ಬಿಟ್ಟುಹೋದ ವರ್ಷಗಳು

ಕೆಲವರು ಒಂದು ವಿಷಯದಲ್ಲಿ ಅನುತ್ತೀರ್ಣರಾಗಿ ವರ್ಷ ಕಳೆದಿರುತ್ತಾರೆ. ಕೆಲವರು ತಂದೆಯ ಅನಾರೋಗ್ಯದಿಂದ ಓದು ನಿಲ್ಲಿಸಿ ದುಡಿದಿರುತ್ತಾರೆ. ಆ ವರ್ಷವನ್ನು ಮರೆಮಾಡಲು ಇಸವಿ ತಿದ್ದುವ ಆಸೆ ಬರುತ್ತದೆ. ಬೇಡ. ಯೂಸುಫ್(ಅ)ರ ಜೀವನದಲ್ಲೂ ಸೆರೆಮನೆಯ ವರ್ಷಗಳಿದ್ದವು. ಅರಸನ ಕರೆ ಬಂದಾಗ ಅವರು ಧಾವಿಸಿ ಹೊರಬರಲಿಲ್ಲ. ಮೊದಲು ತನ್ನ ಮೇಲಿನ ಆರೋಪದ ಸತ್ಯಾಂಶ ತನಿಖೆಯಾಗಲಿ ಎಂದರು. ಕಳೆದ ವರ್ಷಗಳನ್ನು ಅವರು ಅಡಗಿಸಲಿಲ್ಲ, ಬೆಳಕಿಗೆ ತಂದರು. ನೀವೂ ಒಂದೇ ಸಾಲಿನಲ್ಲಿ ನೇರವಾಗಿ ಹೇಳಿ: 'ಕುಟುಂಬದ ಅಗತ್ಯಕ್ಕಾಗಿ ಒಂದು ವರ್ಷ ಓದು ನಿಲ್ಲಿಸಿ ವ್ಯವಸಾಯದಲ್ಲಿ ದುಡಿದೆ.' ಮನೆಗಾಗಿ ದುಡಿದ ವರ್ಷಕ್ಕೆ ನಾಚಿಕೆಯೇಕೆ?

ಅಂಕಪಟ್ಟಿಯ ವಿಷಯದಲ್ಲಂತೂ ಎಚ್ಚರ. ಹಣಕ್ಕೆ ಪ್ರಮಾಣಪತ್ರ ಕೊಡಿಸುತ್ತೇವೆನ್ನುವವರ ಹತ್ತಿರವೂ ಸುಳಿಯಬೇಡಿ. ನಕಲಿ ದಾಖಲೆ ಸೃಷ್ಟಿಸುವುದೂ, ನಕಲಿಯೆಂದು ತಿಳಿದು ಬಳಸುವುದೂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಡಿ ಶಿಕ್ಷಾರ್ಹ ಅಪರಾಧ. ಆ ಪತ್ರದಿಂದ ದೊರೆತ ಸಂಬಳದ ಅನ್ನ ಎಂತಹುದೆಂದು ಹೆತ್ತವರೂ ಯೋಚಿಸಬೇಕು.

ಬರೆಯಬೇಕಾಗಿಲ್ಲದ್ದೂ ಇದೆ. ಎತ್ತರ, ಮೈಬಣ್ಣ, ಒಡಹುಟ್ಟಿದವರ ವಿವರ ಮದುವೆಯ ಬಯೋಡಾಟಾಕ್ಕೆ ಸೇರಿದ್ದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಬಯೋಡಾಟಾದಲ್ಲಿ ಹಾಕಲೇಬೇಡಿ. ಅದು ಹತ್ತು ಕೈ ಸುತ್ತುವ ಕಾಗದ. ಕೆಲಸ ಕೊಡುವ ಮೊದಲೇ ಹಣ ಕೇಳುವವರನ್ನು ದೂರವಿಡಿ.

ನಿಮಗೆ ಸಾಕ್ಷಿ ಯಾರು?

ಹಾಳೆಯ ಕೆಳಗೆ, ನಿಮ್ಮನ್ನು ಬಲ್ಲ ಇಬ್ಬರ ಹೆಸರು ಕೇಳುತ್ತಾರೆ. ದೊಡ್ಡ ಹುದ್ದೆಯ ದೂರದ ನೆಂಟರನ್ನು ಹುಡುಕುವುದು ನಮ್ಮ ವಾಡಿಕೆ. ಇಲ್ಲಿ ಹಝ್ರತ್ ಉಮರ್(ರ)ರ ಕುರಿತ ಪ್ರಸಿದ್ಧ ಘಟನೆಯೊಂದು ದಾರಿ ತೋರಿಸುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ಇನ್ನೊಬ್ಬ 'ಇವನು ಒಳ್ಳೆಯವನು' ಎಂದು ಸಾಕ್ಷಿ ನುಡಿದ. ಉಮರ್(ರ)ರು ಕೇಳಿದರು: ಇವನ ನೆರೆಯಲ್ಲಿ ವಾಸಿಸಿದ್ದೀಯಾ? ಇವನೊಡನೆ ಹಣದ ವ್ಯವಹಾರ ಮಾಡಿದ್ದೀಯಾ? ಇವನ ಜೊತೆ ಪ್ರಯಾಣ ಮಾಡಿದ್ದೀಯಾ? ಮೂರಕ್ಕೂ ಇಲ್ಲವೆಂದಾಗ, ಹಾಗಾದರೆ ನೀನು ಇವನನ್ನು ಬಲ್ಲವನಲ್ಲ ಎಂದುಬಿಟ್ಟರು. ಹದೀಸ್ ವಿದ್ವಾಂಸರು ಇದೇ ಎಚ್ಚರದಿಂದ ಸಾವಿರಾರು ವರದಿಗಾರರ ಜೀವನ ವಿವರ ಬರೆದಿಟ್ಟರು. ಹಿಜರಿ 256ರಲ್ಲಿ ನಿಧನರಾದ ಇಮಾಮ್ ಬುಖಾರಿಯವರ 'ಅತ್ತಾರೀಖುಲ್ ಕಬೀರ್' ಅಂತಹ ಒಂದು ಗ್ರಂಥ. ಯಾರು, ಯಾರಿಂದ ಕಲಿತರು, ಅವರಿಂದ ಯಾರು ಕಲಿತರು ಎಂಬ ಶೋಧನೆ ಅದು.

ಆದುದರಿಂದ ನಿಮಗೆ ಎರಡು ವರ್ಷ ಪಾಠ ಹೇಳಿದ ಉಪನ್ಯಾಸಕರು, ಸೇವಾ ಯೋಜನೆಯ ಅಧಿಕಾರಿ, ನೀವು ದುಡಿದ ಅಂಗಡಿಯ ಮಾಲಕರು - ಇವರೇ ಯೋಗ್ಯ ಸಾಕ್ಷಿಗಳು. ಅವರ ಹೆಸರು ಬರೆಯುವ ಮುನ್ನ ಅವರ ಅನುಮತಿ ಕೇಳಿ. ಇದು ಸಭ್ಯತೆ ಮಾತ್ರವಲ್ಲ, ಅವರ ಹಕ್ಕು.

ಕೊನೆಯ ಸಾಲು

ನಮ್ಮ ದೇಶದ ಬಯೋಡಾಟಾಗಳ ಕೊನೆಯಲ್ಲಿ ಒಂದು ಸಾಲಿರುತ್ತದೆ: ಮೇಲಿನ ವಿವರಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ. ಕೆಳಗೆ ಊರು, ದಿನಾಂಕ, ಸಹಿ. ಹೆಚ್ಚಿನವರು ಇದನ್ನು ಓದದೆಯೇ ಸಹಿ ಹಾಕುತ್ತಾರೆ. ಆದರೆ ಅದು ಒಂದು ಸಾಕ್ಷ್ಯ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ರು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಯುವನಿಧಿಯಲ್ಲೂ, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ಮತ್ತು ಡಿಪ್ಲೊಮಾದವರಿಗೆ 1,500 ರೂಪಾಯಿ ನಿಗದಿಯಾದಾಗ, ತನಗೆ ಕೆಲಸ ಸಿಕ್ಕಿಲ್ಲವೆಂಬ ಸ್ವಯಂಘೋಷಣೆಯ ನಿಯಮವಿತ್ತು. ಸಹಿ ಎಲ್ಲಿ ಹಾಕಿದರೂ ಅದು ನಮ್ಮ ಮಾತೇ.

ಆದುದರಿಂದ ಬರೆದು ಮುಗಿಸಿದ ಮೇಲೆ ಒಂದು ರಾತ್ರಿ ಹಾಳೆಯನ್ನು ಬದಿಗಿಡಿ. ಬೆಳಿಗ್ಗೆ ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಕೇಳಿಕೊಳ್ಳಿ: ಇದರ ಬಗ್ಗೆ ಪ್ರಶ್ನಿಸಿದರೆ ಐದು ನಿಮಿಷ ಮಾತನಾಡಬಲ್ಲೆನೇ? ಮಾತನಾಡಲಾಗದ ಸಾಲನ್ನು ಹೊಡೆದುಹಾಕಿ. ಮತ್ತೆ ತಾಯಿಯನ್ನೋ ತಂದೆಯನ್ನೋ ಕರೆದು ಕೇಳಿ: ನಾನು ಮಾಡಿದ್ದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ? ಬಿಟ್ಟುಹೋದುದು ಅವರಿಗೆ ನೆನಪಿರುತ್ತದೆ. ಬ್ಯಾರನ್ ಮುಂದೆ ನಿದ್ದೆಗೆಟ್ಟ ರಾತ್ರಿ, ಅಜ್ಜಿಯ ಔಷಧಿಯ ಚೀಟಿ, ನೆರೆಯ ಮಗುವಿಗೆ ಕಲಿಸಿದ ಮಗ್ಗಿ. ಹೆತ್ತವರೇ, ನಿಮ್ಮ ಮಕ್ಕಳಿಗೆ ನೀವು ಕೊಡಬಹುದಾದ ಶಿಫಾರಸು ಈ ನೆನಪೇ.

ಆ ಒಂದು ಹಾಳೆ ನಮ್ಮದೇ ಕೈಬರಹದ ಸತ್ಯವಾಗಿರಲಿ. ಕೆಲಸ ಸಿಗುವುದು ತಡವಾಗಬಹುದು. ಜೀವನಾಧಾರ ನೀಡುವವನು ಅಲ್ಲಾಹನು. ಶಕ್ತರೂ ವಿಶ್ವಸ್ತರೂ ಆದವರ ಸಾಲಿನಲ್ಲಿ ಅವನು ನಮ್ಮ ಮಕ್ಕಳನ್ನು ಸೇರಿಸಲಿ.