ಕಾನೂನು ವಿದ್ಯಾರ್ಥಿ ಮತ್ತು ಅರೆಕಾಲದ ದುಡಿಮೆ

'ವಿದ್ಯಾರ್ಥಿ' ಎಂಬ ಪದವನ್ನು ಬಿಡಿಸಿದರೆ ವಿದ್ಯೆಯನ್ನು ಅರ್ಥಿಸುವವನು, ಎಂದರೆ ಬಯಸಿ ಬೇಡುವವನು ಎಂದಾಗುತ್ತದೆ. ಇದರ ಮೂಲದಲ್ಲಿರುವ 'ಅರ್ಥ' ಶಬ್ದಕ್ಕೆ ಧನ, ಅಭಿಪ್ರಾಯ, ಪ್ರಯೋಜನ ಎಂಬ ಹಲವು ಅರ್ಥಗಳುಂಟು. ಧರ್ಮಶಾಸ್ತ್ರದ ವ್ಯವಹಾರಪ್ರಕರಣಗಳಲ್ಲಿ ವಾದಿಯನ್ನು ಅರ್ಥಿಯೆಂದೂ ಪ್ರತಿವಾದಿಯನ್ನು ಪ್ರತ್ಯರ್ಥಿಯೆಂದೂ ಕರೆದಿರುವರು. ಹೀಗಿರಲು ಕಾನೂನು ಓದುವ ಬಡವರ ಮಕ್ಕಳಲ್ಲಿ ಎರಡು ಅರ್ಥಗಳು ಎದುರುಬದುರಾಗಿ ನಿಲ್ಲುತ್ತವೆ: ಶಾಸ್ತ್ರದ ಅರ್ಥವನ್ನು ತಿಳಿಯಬೇಕು, ತಿಳಿಯುವುದಕ್ಕೆ ಬೇಕಾದ ಅರ್ಥವನ್ನೂ ಗಳಿಸಬೇಕು. ಇವೆರಡರಲ್ಲಿ ಒಂದು ಮತ್ತೊಂದನ್ನು ನುಂಗದಂತೆ ನಡೆಯುವ ಬಗೆ ಯಾವುದು ಎಂಬುದೇ ಇಲ್ಲಿಯ ವಿಚಾರ.

ನಿದರ್ಶನಕ್ಕಾಗಿ ಉಡುಪಿಯ ಸೀಮೆಯನ್ನು ನೋಡೋಣ. ಡಾ. ಟಿ. ಎಂ. ಎ. ಪೈಯವರು 1942ರಲ್ಲಿ ಮಣಿಪಾಲದಲ್ಲಿ ಕಟ್ಟಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ಆಶ್ರಯದಲ್ಲಿ 1957ರಲ್ಲಿ ಉಡುಪಿಯಲ್ಲಿ ಕಾನೂನು ಕಾಲೇಜು ಆರಂಭವಾಯಿತು. ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾಗಿದ್ದ ವೈಕುಂಠ ಬಾಳಿಗರ ಹೆಸರನ್ನು ಅದು ಇಂದು ಹೊತ್ತಿದೆ. ಕಾಪುವಿನ ಮೀನುಗಾರರ ಮನೆಯಿಂದಲೂ, ಕಾರ್ಕಳದ ಕಡೆ ಬೀಡಿ ಕಟ್ಟಿ ಬದುಕುವ ತಾಯಂದಿರ ಮನೆಯಿಂದಲೂ ನ್ಯಾಯಶಾಸ್ತ್ರವನ್ನು ಅರಸಿ ಬರಲು ಇದರಿಂದ ದಾರಿಯಾಯಿತು. ದೂರದ ಮಹಾನಗರಕ್ಕೆ ಹೋಗುವ ವೆಚ್ಚ ತಪ್ಪಿತೆಂಬುದು ನಿಜ. ಆದರೆ ಶುಲ್ಕ, ಪುಸ್ತಕ, ಬಸ್ಸಿನ ಖರ್ಚು ತಪ್ಪಲಿಲ್ಲ.

ಇನ್ನು ಕಾಲದ ಲೆಕ್ಕ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಾವಳಿಯು ಟ್ಯುಟೋರಿಯಲ್, ಅಣಕು ನ್ಯಾಯಾಲಯ ಮೊದಲಾದುವೂ ಸೇರಿ ವಾರಕ್ಕೆ 30 ಗಂಟೆಗಳಿಗೆ ಕಡಿಮೆಯಿಲ್ಲದ ಪಾಠವನ್ನೂ, ಪ್ರತಿಯೊಂದು ವಿಷಯದಲ್ಲಿ ಶೇಕಡಾ 70ರ ಹಾಜರಿಯನ್ನೂ ವಿಧಿಸಿತು. ವಾರದಲ್ಲಿರುವುದು 168 ಗಂಟೆ. ಅದರಲ್ಲಿ ನಿದ್ರೆಗೆ 49, ಸ್ನಾನ ಭೋಜನಾದಿಗಳಿಗೂ ಮನೆಗೆಲಸಕ್ಕೂ 21, ತರಗತಿಗೆ 30 ಕಳೆಯಿರಿ. ಕಾರ್ಕಳದಿಂದ ಮಣಿಪಾಲದ ಮೇಲೆ ಉಡುಪಿಗೆ ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆಯೆಂದು ಇಟ್ಟುಕೊಂಡರೆ ಆರು ದಿನಕ್ಕೆ 15 ಗಂಟೆ. ಉಳಿದದ್ದು 53. ಸ್ವಂತ ಓದಿಗೆ 24 ಗಂಟೆಯನ್ನು ಮೊದಲೇ ತೆಗೆದಿಟ್ಟರೆ, ಹೆಚ್ಚೆಂದರೆ 18 ಗಂಟೆಯನ್ನು ದುಡಿಮೆಗೆ ಕೊಡಬಹುದು. ಮಿಕ್ಕ 11 ಗಂಟೆ ಕಾಯಿಲೆಗೆ, ನೆಂಟರಿಗೆ, ಮಳೆಗಾಲದಲ್ಲಿ ತಡವಾಗುವ ಬಸ್ಸಿಗೆ. ಓದಿಗೆ ಮೊದಲು ತೆಗೆದಿಟ್ಟು ಆಮೇಲೆ ದುಡಿಮೆಗೆ ಅಳೆಯಬೇಕೇ ಹೊರತು, ದುಡಿದು ಉಳಿದ ಹೊತ್ತಿನಲ್ಲಿ ಓದುತ್ತೇನೆಂಬುದು ಕೈಗೂಡದ ಮಾತು. 1963ರ ಕಾಲಮಿತಿ ಅಧಿನಿಯಮದ 5ನೆಯ ಪ್ರಕರಣದಂತೆ ಸಾಕಷ್ಟು ಕಾರಣ ತೋರಿದರೆ ನ್ಯಾಯಾಲಯವು ಮೇಲ್ಮನವಿಯ ವಿಳಂಬವನ್ನು ಮನ್ನಿಸಬಹುದು. ಪರೀಕ್ಷೆಯ ದಿನ ಮಾತ್ರ ಯಾರಿಗೂ ಕಾಯುವುದಿಲ್ಲ.

ಎಂಥ ಕೆಲಸವನ್ನು ಆರಿಸಬೇಕು? ನಮ್ಮ ಹಿರಿಯರು 'ದೇಹಲೀದೀಪ ನ್ಯಾಯ' ಎಂದೊಂದನ್ನು ಹೇಳಿದ್ದಾರೆ. ಹೊಸ್ತಿಲ ಮೇಲಿಟ್ಟ ಒಂದೇ ದೀಪ ಒಳಮನೆಯನ್ನೂ ಹೊರಜಗಲಿಯನ್ನೂ ಬೆಳಗುತ್ತದೆ. ವಿದ್ಯಾರ್ಥಿಯ ದುಡಿಮೆಯೂ ಹಾಗಿರಬೇಕು. ವಕೀಲರ ಕಚೇರಿಯಲ್ಲಿ ಸಂಜೆ ಬೆರಳಚ್ಚು ಮಾಡುವವನು ಕೂಲಿಯ ಜೊತೆಗೆ ವಾದಪತ್ರದ ರಚನೆಯನ್ನು ಕಲಿಯುತ್ತಾನೆ. ಮಕ್ಕಳಿಗೆ ಮನೆಪಾಠ ಹೇಳುವವಳು ಕಠಿನವಾದುದನ್ನು ತಿಳಿಯಾಗಿ ಹೇಳುವ ಅಭ್ಯಾಸವನ್ನು ಗಳಿಸುತ್ತಾಳೆ. ಇರುಳೆಲ್ಲ ಎಚ್ಚರವಿದ್ದು ಮಾಡಬೇಕಾದ ಕೆಲಸವಾದರೋ, ಹಣ ಹೆಚ್ಚು ಕೊಟ್ಟರೂ ಮರುದಿನದ ತರಗತಿಯನ್ನು ಕಸಿದುಕೊಳ್ಳುತ್ತದೆ.

ಈ ಸೀಮೆಯದೇ ಆದ ಒಂದು ದುಡಿಮೆ ಪಿಗ್ಮಿ ಸಂಗ್ರಹ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಇದನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಕ್ರಮವದು. ಸಹಕಾರಿ ಸಂಘಗಳಲ್ಲಿ ಇಂದಿಗೂ ಉಂಟು. ಅಂಗಡಿಯಿಂದ ಅಂಗಡಿಗೆ ನಡೆಯುವ ಈ ಸಂಗ್ರಾಹಕನಿಗೆ ದೊರೆಯುವ ಕಮಿಷನ್ ಕೂಲಿಯೋ ಅಲ್ಲವೋ ಎಂಬ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸಿಂಡಿಕೇಟ್ ಬ್ಯಾಂಕಿನ ಸಂಗ್ರಾಹಕರ ಆ ಮೊಕದ್ದಮೆಯಲ್ಲಿ 2001ರಲ್ಲಿ ತೀರ್ಪಿತ್ತ ನ್ಯಾಯಾಲಯವು, ಅವರು ಬ್ಯಾಂಕಿನ ಕಾಯಂ ನೌಕರರಲ್ಲವಾದರೂ ಅಂದು ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಅಧಿನಿಯಮದಂತೆ ಕಾರ್ಮಿಕರೇ ಸರಿ, ಆ ಕಮಿಷನ್ನೂ ವೇತನವೇ ಸರಿ ಎಂದಿತು. ಸಂಜೆ ಪಿಗ್ಮಿ ಚೀಲ ಹಿಡಿದು ನಡೆದ ಹುಡುಗನು ಈ ತೀರ್ಪನ್ನು ಓದುವಾಗ 'ವೇತನ' ಎಂಬ ಪದವು ಅವನಿಗೆ ಬರಿಯ ಅಕ್ಷರವಾಗಿ ಉಳಿಯದು. ಹೊಸ್ತಿಲ ದೀಪವೆಂದರೆ ಇದೇ.

ಆದರೆ ಎಷ್ಟೇ ಒಳ್ಳೆಯ ಕೆಲಸವಾದರೂ ಕದ್ದು ಮಾಡತಕ್ಕದ್ದಲ್ಲ. 2024ರ ಸೆಪ್ಟೆಂಬರಿನಲ್ಲಿ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿ, ಕಾನೂನು ವಿದ್ಯಾರ್ಥಿಗಳು ತಾವು ಕೈಗೊಂಡ ಉದ್ಯೋಗವನ್ನು ಘೋಷಿಸಬೇಕು, ನಿರಾಕ್ಷೇಪಣಾ ಪತ್ರವಿಲ್ಲದೆ ಉದ್ಯೋಗದಲ್ಲಿರಬಾರದು ಎಂದು ತಿಳಿಸಿತು. ಬಡವಿದ್ಯಾರ್ಥಿಗೆ ಇದು ಬಿಗಿಯಾದ ಕಟ್ಟಳೆ. ಅನುಮತಿ ದೊರೆಯದೆ ಹೋದೀತೆಂಬ ಭಯದಿಂದ ಮುಚ್ಚಿಡುವ ಮನಸ್ಸಾಗುವುದು ಸಹಜ. ಆದರೂ ನಾಳೆ ಸಾಕ್ಷಿಯಿಂದ ಸತ್ಯವನ್ನು ನುಡಿಸಬೇಕಾದವನು ತನ್ನ ಮೊದಲ ಘೋಷಣೆಯಲ್ಲೇ ಸುಳ್ಳು ಬರೆಯಬಹುದೆ? ಕೆಲಸದ ವೇಳೆ, ಸ್ಥಳ, ಕಾರಣಗಳನ್ನು ಬರೆದು ಪ್ರಾಂಶುಪಾಲರ ಮುಂದಿಡುವುದು ಲೇಸು. ಕೆಲಸ ಕೊಡುವವರೊಡನೆಯೂ ಪರೀಕ್ಷೆಯ ತಿಂಗಳಲ್ಲಿ ಬಿಡುವು ಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕು.

ಇಷ್ಟಾದರೂ ಎರಡೂ ಕೂಡಿಬರದಿದ್ದರೆ, ಪದವಿಯ ಬಳಿಕ ಒಂದೆರಡು ವರ್ಷ ಪೂರ್ಣವಾಗಿ ದುಡಿದು ಹಣ ಕೂಡಿಸಿ ಆಮೇಲೆ ಮೂರು ವರ್ಷದ ವ್ಯಾಸಂಗಕ್ಕೆ ಸೇರುವುದರಲ್ಲಿ ಅವಮಾನವಿಲ್ಲ. ಅರ್ಧ ಓದಿ ಬಿಡುವುದಕ್ಕಿಂತ ತಡವಾಗಿ ಆರಂಭಿಸಿ ಪೂರ್ತಿ ಓದುವುದು ಮೇಲು. ವಕೀಲರಾಗಿ ನೋಂದಾಯಿಸಿಕೊಂಡ ಬಳಿಕವೂ ವೃತ್ತಿಯಲ್ಲಿರುವವರೆಗೆ ಪೂರ್ಣಕಾಲದ ಸಂಬಳದ ನೌಕರಿ ಕೂಡದೆಂದು ಪರಿಷತ್ತಿನ ನಿಯಮವಿದೆ. ನ್ಯಾಯವೃತ್ತಿಯು ತನ್ನವರಿಂದ ಪೂರ್ಣಮನಸ್ಸನ್ನು ಬೇಡುತ್ತದೆಂಬುದು ಇದರ ತಾತ್ಪರ್ಯ. ಅರ್ಥವನ್ನು ಅಧ್ಯಯನದ ಸೇವಕನನ್ನಾಗಿ ಇಟ್ಟುಕೊಂಡವರಿಗೆ ಎರಡೂ ಒಲಿಯುವುವು. ವಿದ್ಯಾರ್ಥಿಗಳು ಇದನ್ನು ಮನಗಾಣಲಿ.