ನಿನ್ನ ರೈಫಲ್‌ಗೆ ಯಾವ ಆ್ಯಕ್ಷನ್?

ಪ್ರೀತಿಯ ಅಳಿಯ,

ಟೆಕ್ಸಾಸ್‌ನಲ್ಲಿ ನಿನ್ನ ಅಳತೆಗೇ ಒಂದು ರೈಫಲ್ ಕಟ್ಟಿಸಿಕೊಳ್ಳುವ ಆಸೆಯಂತೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡುವ ಮನೆಯ ಹುಡುಗನಿಗೆ ಈ ಹುಚ್ಚು ಇಲ್ಲದಿದ್ದರೇ ಆಶ್ಚರ್ಯ. ಆದರೆ ನಳಿಗೆ, ಸ್ಟಾಕ್, ಸ್ಕೋಪ್ ಬಗ್ಗೆ ಪುಟಗಟ್ಟಲೆ ಬರೆದವನು ಆ್ಯಕ್ಷನ್, ಅಂದರೆ ತೋಟಾ ತುಂಬಿ, ಹಾರಿಸಿ, ಹೊರಗೆಸೆಯುವ ಭಾಗದ ಬಗ್ಗೆ ಬರೆದದ್ದು ಒಂದೇ ಸಾಲು: ‘ಮೌಸರ್ ತಗೊಳ್ತೀನಿ ಮಾವ.’

ಈ ಮೋಹ ಜಿಮ್ ಕಾರ್ಬೆಟ್ ಪುಸ್ತಕಗಳಿಂದ ಹತ್ತಿದ್ದು, ನನಗೆ ಗೊತ್ತು. ಚಂಪಾವತ್‌ನ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಅವರಿಗೆ ಉಡುಗೊರೆಯಾಗಿ ಬಂದ ರಿಗ್ಬಿ .275 ರೈಫಲ್ ಮೌಸರ್ ಆ್ಯಕ್ಷನ್ ಮೇಲೆ ಕಟ್ಟಿದ್ದೇ. 1898ರ ಆ ವಿನ್ಯಾಸದ ಹೆಚ್ಚುಗಾರಿಕೆ ಇರುವುದು ಅದರ ಉದ್ದನೆಯ ಎಕ್ಸ್‌ಟ್ರಾಕ್ಟರ್‌ನಲ್ಲಿ. ತೋಟಾ ಮ್ಯಾಗಜಿನ್‌ನಿಂದ ಮೇಲೇಳುತ್ತಲೇ ಅದರ ಅಂಚನ್ನು ಕಚ್ಚಿಕೊಂಡರೆ ಹೊರಗೆಸೆಯುವ ತನಕ ಬಿಡುವುದಿಲ್ಲ. ಗಾಬರಿಯಲ್ಲಿ ಬೋಲ್ಟನ್ನು ಪೂರ್ತಿ ಮುಚ್ಚದೆ ಹಿಂದಕ್ಕೆಳೆದರೂ ಆ ತೋಟಾ ಜೊತೆಗೇ ಬರುತ್ತದೆ; ಒಂದರ ಹಿಂದೆ ಇನ್ನೊಂದು ಸಿಕ್ಕಿಬೀಳುವುದಿಲ್ಲ. ಮೈಮೇಲೆ ಎರಗುವ ಪ್ರಾಣಿಯ ಎದುರು ನಿಂತವನಿಗೆ ಇದು ಜೀವದ ಪ್ರಶ್ನೆ.

ಆದರೆ ನಿನ್ನ ಎದುರಿಗಿರುವುದು ಜಿಂಕೆ, ಉಳಿದ ದಿನ ಗುರಿಹಲಗೆ. ಅದಕ್ಕೆ 1962ರಲ್ಲಿ ಬಂದ ರೆಮಿಂಗ್ಟನ್ 700 ಮಾದರಿಯ ಆ್ಯಕ್ಷನ್ ಸಾಕು. ಸಾಕೇನು, ಅದೇ ಸರಿ. ಅದರ ರಿಸೀವರ್, ಅಂದರೆ ಬೋಲ್ಟ್ ಓಡಾಡುವ ಕವಚ, ದುಂಡು ಕೊಳವೆ. ಲೇತ್‌ಗೆ ಕಟ್ಟಿ ಓರೆ ತೆಗೆಯುವುದು ಸುಲಭ. ಅದಕ್ಕೆ ಹೊಂದುವ ಸ್ಟಾಕ್, ಟ್ರಿಗರ್ ಬೇಕಾದಷ್ಟು ಸಿಗುತ್ತವೆ. ಅದೇ ಅಳತೆಯಲ್ಲಿ ಬೇರೆ ಕಂಪನಿಗಳೂ ಇನ್ನಷ್ಟು ನಿಖರವಾದ ಆ್ಯಕ್ಷನ್ ಮಾಡುತ್ತವೆ. ದುಡ್ಡಿದ್ದರೆ ಅದನ್ನೇ ಕೊಳ್ಳು. ಹಳೆಯ ಸೇನಾ ಮೌಸರ್ ಅಗ್ಗವೆಂದು ತಂದೆಯೋ, ಸ್ಕೋಪ್‌ಗೆ ತೂತು ಕೊರೆಸು, ಬೋಲ್ಟ್ ಹಿಡಿ ಬದಲಿಸು, ಸೇಫ್ಟಿ ಬದಲಿಸು ಎಂದು ಮಾಲಿಗಿಂತ ಕೂಲಿಯೇ ಜಾಸ್ತಿಯಾಗುತ್ತದೆ.

ಎಲ್ಲಕ್ಕೂ ಮೊದಲು ತೋಟಾ ಯಾವುದೆಂದು ತೀರ್ಮಾನಿಸು. .308 ಆದರೆ ಶಾರ್ಟ್ ಆ್ಯಕ್ಷನ್, .30-06 ಆದರೆ ಲಾಂಗ್. ಎರಡಕ್ಕೂ ಬೋಲ್ಟ್ ಮುಖದ ಅಳತೆ ಒಂದೇ; ಬೆಲ್ಟೆಡ್ ಮ್ಯಾಗ್ನಂಗೆ ದೊಡ್ಡದು ಬೇಕು. ಜಿಂಕೆಗೆ .308 ಧಾರಾಳ. ನೀನು ಎಡಚ ಅನ್ನುವುದನ್ನು ಅಂಗಡಿಯವನಿಗೆ ಹೇಳಲು ಮರೆಯಬೇಡ, ಎಡಗೈಯವರಿಗೆಂದೇ ಮಾಡಿದ್ದು ಸಿಗುತ್ತದೆ. ನಿಮ್ಮಲ್ಲಿ ಬರಿಯ ರಿಸೀವರ್ ಆದರೂ ಕಾನೂನಿನ ಕಣ್ಣಿಗೆ ಅದು ಬಂದೂಕೇ. ಲೈಸೆನ್ಸ್ ಇರುವ ಅಂಗಡಿಯಲ್ಲೇ ತೆಗೆದುಕೋ.

ನಳಿಗೆ ಕೂರಿಸುವ ಕೆಲಸ ಗನ್‌ಸ್ಮಿತ್‌ನದು. ಅವನು ಗೇಜ್ ಹಾಕಿ ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ತೋಟಾ ಒಳಗೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ನೋಡಿ ಸರಿ ಎನ್ನುವ ತನಕ ಒಂದು ತೋಟಾವನ್ನೂ ಹಾರಿಸಬೇಡ.

ಇತಿ,
ನಿನ್ನ ಸೋದರಮಾವ